ಡ್ರೈವರರ ಮಧ್ಯಾಹ್ನದ ನಿದ್ದೆ

ಮರದ ಗೂಟ ಅವರ ಎಡಗೈಯಿಂದ ಜಾರಿ ಸಿಮೆಂಟು ನೆಲದ ಮೇಲೆ ಉರುಳಿತು. ಬೆರಳಿಗೆ ಬಲ ಸಾಲದೆ ಬಿದ್ದಿರಬೇಕು ಎಂದುಕೊಂಡು ಬಗ್ಗಿ ಎತ್ತಿದೆ, ಅವರ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ. ತಲೆಯೆತ್ತಿ ನೋಡಿದರೆ ಗದ್ದ ಎದೆಗೆ ತಾಗಿತ್ತು, ಬಾಯಿ ಅರ್ಧ ತೆರೆದಿತ್ತು. ಹಲಗೆಯ ತೂತುಗಳಿಗೆ ಗೂಟ ಸಿಕ್ಕಿಸುವ ಕೆಲಸದ ನಡುವೆ, ನನ್ನ ಜೊತೆ ಮಾತಾಡುತ್ತ ಮಾತಾಡುತ್ತಲೇ ನಿದ್ದೆ ಹೋಗಿದ್ದರು.

ನಾನು ಫಿಸಿಯೋಥೆರಪಿಸ್ಟ್. ಆಗ ಬೆಳ್ತಂಗಡಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಬೆಳಗಿನ ಹೊತ್ತು ಕೆಲಸ, ಮಧ್ಯಾಹ್ನದ ಮೇಲೆ ಸ್ಕೂಟರಿನಲ್ಲಿ ಮನೆಮನೆಗೆ. ಒಂದು ದಿನ ಮುಂಡಾಜೆ ಕಡೆ, ಇನ್ನೊಂದು ದಿನ ವಾಮದಪದವು ಕಡೆ. ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಸೋತವರೇ ಹೆಚ್ಚು. ನಾನು ಹಾವೇರಿ ಕಡೆಯವನು. ಬಂದು ಎರಡು ವರ್ಷವಾಗಿದ್ದರೂ ತುಳು ಬಾಯಿಗೆ ಹತ್ತಿರಲಿಲ್ಲ. ಮನೆಯವರು ತಮ್ಮತಮ್ಮಲ್ಲಿ ತುಳುವಿನಲ್ಲಿ ನಗುತ್ತ ಮಾತಾಡುತ್ತಿದ್ದವರು ನನ್ನ ಕಡೆ ತಿರುಗಿದ ಕೂಡಲೆ ಶಾಲೆಯ ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಕನ್ನಡ ಆಡುತ್ತಿದ್ದರು. ಆ ಮರ್ಯಾದೆಯಲ್ಲಿ ಒಂದು ದೂರವೂ ಇತ್ತು. ದಿನವಿಡೀ ನನ್ನ ಬಾಯಿಂದ ಹೊರಡುತ್ತಿದ್ದದ್ದು ಎತ್ತಿ, ಇಳಿಸಿ, ಹಿಡಿಯಿರಿ, ಬಿಡಿ, ಇನ್ನೊಮ್ಮೆ ಎನ್ನುವ ಮಾತುಗಳು ಮಾತ್ರ. ಸಂಜೆ ಲಾಯಿಲದ ಬಾಡಿಗೆ ಕೋಣೆಗೆ ಬಂದು ಬೀಗ ತೆಗೆದರೆ ಅಲ್ಲಿಗೆ ಮಾತು ಮುಗಿಯಿತು. ಊರಿನಿಂದ ಅಣ್ಣ ಫೋನು ಮಾಡಿ "ಊಟ ಆತೇನು?" ಎಂದು ಕೇಳುತ್ತಿದ್ದ. ಆತು ಅಂದರೆ ಇಡುತ್ತಿದ್ದ.

ಡ್ರೈವರರ ಮನೆ ವಾಮದಪದವು ಪೇಟೆಯಿಂದ ಸ್ವಲ್ಪ ಒಳಗೆ. ಬಂಟ್ವಾಳ–ಮೂಡುಬಿದಿರೆ ಲೈನಿನ ಖಾಸಗಿ ಬಸ್ಸಿನಲ್ಲಿ ಅವರದು ಬಹಳ ವರ್ಷದ ಸರ್ವಿಸು. ದಪ್ಪ ಕುತ್ತಿಗೆ, ಗಟ್ಟಿ ಮೈ, ಎರಡೂ ಕಡೆ ಇಳಿಬಿಟ್ಟ ಮೀಸೆ. ಒಂದು ಬೆಳಿಗ್ಗೆ ಎದ್ದು ಅಂಗಿ ಹಾಕಲು ಹೋದಾಗ ಎಡಗೈ ತೋಳಿನೊಳಗೆ ಹೋಗಲಿಲ್ಲ. ಬಾಯಿ ಒಂದು ಕಡೆ ವಾಲಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಬಂದರು. ಮೆದುಳಿನ ಬಲಭಾಗದ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ನಿದ್ದೆಯಲ್ಲೇ ಆದದ್ದರಿಂದ ಎಷ್ಟು ಹೊತ್ತಿಗೆ ಆಯಿತು ಎಂಬುದು ತಿಳಿಯದೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಬರಲಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಕೊಲೆಸ್ಟರಾಲಿಗೆ ಮಾತ್ರೆ, ಬಿಪಿಗೆ ಒಂದಲ್ಲ ಮೂರು ಮಾತ್ರೆ. ಮೂರು ನುಂಗಿದರೂ ಬಿಪಿ ಇಳಿಯುತ್ತಿರಲಿಲ್ಲ. ನಮ್ಮ ನರ್ಸಿಂಗ್ ಹೋಮಿನ ವೈದ್ಯರು ನನ್ನನ್ನು ಕಳಿಸುವಾಗಲೇ ಹೇಳಿದ್ದರು, "ಕೈ ಬರ್ತದೆ ಅಂತ ಕಾಣ್ತದೆ. ಬಿಪಿಯದ್ದೇ ನನಗೆ ಸಮಾಧಾನ ಇಲ್ಲ."

ಕೈ ಬಂತು. ನಾನು ಎಣಿಸಿದ್ದಕ್ಕಿಂತ ಬೇಗ ಬಂತು. ಮೊದಲು ಭುಜ. ಅವರ ಮನೆಯ ಜಗಲಿಯ ಗೋಡೆಗೆ ಗ್ಯಾರೇಜಿನಿಂದ ತಂದ ಹಳೆಯ ಸ್ಟೀರಿಂಗ್ ಚಕ್ರವೊಂದನ್ನು ಬೋಲ್ಟು ಹಾಕಿ ಕೂರಿಸಿದ್ದೆವು. ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುವುದು, ಬಲಗೈ ಬಿಟ್ಟು ಎಡಗೈಯಲ್ಲೇ ತಿರುಗಿಸುವುದು. ಬೇರೆಯವರಿಗೆ ಹತ್ತು ಸಲ ಹೇಳಬೇಕಾದ ವ್ಯಾಯಾಮವನ್ನು ಇವರು ಚಕ್ರ ಕಂಡರೆ ತಾವಾಗಿಯೇ ಮಾಡುತ್ತಿದ್ದರು. ಆಮೇಲೆ ಮಣಿಕಟ್ಟು. ಒದ್ದೆ ಬಟ್ಟೆ ಹಿಂಡುವುದು, ಬಟ್ಟೆಯ ಕ್ಲಿಪ್ಪು ಒತ್ತಿ ಹಗ್ಗಕ್ಕೆ ಸಿಕ್ಕಿಸುವುದು. ಆಮೇಲೆ ಬೆರಳಿನ ಸಣ್ಣ ಕೆಲಸ. ಕಾಲು ಬೇಗನೆ ಸರಿಹೋಯಿತು.

ನಿದ್ದೆ ಮಾತ್ರ ಬಿಡಲಿಲ್ಲ. ಪಾರ್ಶ್ವವಾಯುವಿನ ನಂತರ ಸುಸ್ತು ಸಹಜ. ಮೊದಲ ತಿಂಗಳು ನಾನೂ ಹಾಗೆಯೇ ತಿಳಿದೆ. ಆದರೆ ಸುಸ್ತಾದವರು "ಸಾಕು" ಅನ್ನುತ್ತಾರೆ, ಕೂರುತ್ತಾರೆ. ಇವರು ಸಾಕು ಅನ್ನುತ್ತಲೇ ಇರಲಿಲ್ಲ. ಮಾತಿನ ನಡುವೆ ಸುಮ್ಮನಾಗುತ್ತಿದ್ದರು, ಅಷ್ಟೆ.

"ಅವರಿಗೆ ಮೊದಲಿನಿಂದಲೂ ಹಾಗೆಯೇ ಡಾಕ್ಟ್ರೆ," ಎಂದರು ಅವರ ಹೆಂಡತಿ. ಬಾಗಿಲ ಬಳಿ ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. "ಬಂಟ್ವಾಳದಲ್ಲಿ ಟ್ರಿಪ್ಪಿನ ಮಧ್ಯ ಸ್ವಲ್ಪ ಬಿಡುವು ಸಿಕ್ಕಿದ್ರೆ ಸ್ಟೀರಿಂಗಿಗೆ ತಲೆ ಕೊಟ್ಟು ಮಲಗುವುದೇ. ಕಂಡಕ್ಟರ್ ಬಂದು ತಟ್ಟಿದ್ರೆ ಏಳುವುದು. ಮದುವೆ ಊಟಕ್ಕೆ ಹೋದ್ರೂ ಕುರ್ಚಿಯಲ್ಲಿ ನಿದ್ದೆ. ನಮ್ಮ ಅತ್ತೆ ಹೇಳ್ತಿದ್ರು, ನನ್ನ ಮಗ ಪುಣ್ಯವಂತ, ಮಲಗಿದಲ್ಲಿ ನಿದ್ದೆ ಬರ್ತದೆ ಅಂತ."

"ರಾತ್ರಿ ಹ್ಯಾಂಗ್ರಿ, ಅಕ್ಕಾರ? ಗೊರಕಿ ಹೊಡೀತಾರೇನು?"

ಅವರು ನಕ್ಕರು. "ಗೊರಕೆಯಾ? ನಾನು ಆ ಕೋಣೆಯಲ್ಲಿ ಮಲಗದೆ ಎಷ್ಟೋ ವರ್ಷ ಆಯ್ತು. ಪಕ್ಕದ ಮನೆಯವರಿಗೂ ಗೊತ್ತುಂಟು."

ಡ್ರೈವರರು ಎಚ್ಚರವಾಗಿ, "ಎಂತ, ಎಂತ ಮಾತಾಡುವುದು ನನ್ನ ಬಗ್ಗೆ?" ಎಂದರು. ತಾನು ನಿದ್ದೆ ಹೋಗಿದ್ದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಗೂಟಕ್ಕಾಗಿ ಕೈ ನೀಡಿದರು.

ಮುಂದಿನ ಸಲ ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿದಾಗ ನಾನು ಎಬ್ಬಿಸಲಿಲ್ಲ. ವ್ಯಾಯಾಮದ ಹೊತ್ತಿಗೆ ರಕ್ತದ ಆಮ್ಲಜನಕ ನೋಡಲು ಬಳಸುವ ಆಕ್ಸಿಮೀಟರನ್ನು ಮೆಲ್ಲಗೆ ಬೆರಳಿಗೆ ಸಿಕ್ಕಿಸಿ ಎದುರಿಗೆ ಕೂತೆ. ಗೊರಕೆ ಶುರುವಾಯಿತು, ಏರಿತು, ಥಟ್ಟನೆ ನಿಂತಿತು. ನಿಂತದ್ದು ಗೊರಕೆಯಲ್ಲ, ಉಸಿರು. ಎದೆ, ಹೊಟ್ಟೆ ಮೇಲೆ ಕೆಳಗೆ ಎಳೆದಾಡುತ್ತಿದ್ದವು, ಮೂಗಿನ ಮುಂದೆ ಹಿಡಿದ ನನ್ನ ಅಂಗೈಗೆ ಗಾಳಿ ತಾಗುತ್ತಿರಲಿಲ್ಲ. ಆಕ್ಸಿಮೀಟರಿನ ಅಂಕಿ ತೊಂಬತ್ತರ ಮೇಲಿದ್ದದ್ದು ಇಳಿಯತೊಡಗಿತು. ಎಂಬತ್ತಕ್ಕೂ ಕೆಳಗೆ ಹೋಯಿತು. ಕೊನೆಗೆ ನೀರಿನಿಂದ ಮೇಲೆದ್ದವರ ಹಾಗೆ ದೊಡ್ಡದೊಂದು ಉಸಿರೆಳೆದು ಮೈ ಕೊಡವಿದರು. ಕಣ್ಣು ತೆರೆಯಲಿಲ್ಲ. ಮತ್ತೆ ಗೊರಕೆ, ಮತ್ತೆ ನಿಲ್ಲುವುದು. ನಾಡಿ ಒಮ್ಮೆ ತೆವಳುತ್ತಿತ್ತು, ಒಮ್ಮೆ ಓಡುತ್ತಿತ್ತು. ಬೀಡಿ ಕಟ್ಟುವ ಕೈ ನಿಲ್ಲಿಸಿ ಹೆಂಡತಿಯೂ ನೋಡುತ್ತಿದ್ದರು. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿದ್ದನ್ನು ಅವರು ಹತ್ತಿರ ಕೂತು ನೋಡಿದ್ದು ಬಹುಶಃ ಅದೇ ಮೊದಲು.

ಮರುದಿನ ವೈದ್ಯರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅದು ಸ್ಲೀಪ್ ಆಪ್ನಿಯಾ ಇರಬಹುದು. ಗಂಟಲಿನ ದಾರಿ ನಿದ್ದೆಯಲ್ಲಿ ಮುಚ್ಚಿಕೊಳ್ಳುವುದು. ಬಿಪಿ ಯಾಕೆ ಇಳಿಯುವುದಿಲ್ಲ ಅಂತ ಈಗ ಗೊತ್ತಾಗ್ತದೆ. ನಿದ್ದೆಯ ಪರೀಕ್ಷೆ ಮಾಡಿಸಬೇಕು. ನೀವು ಅವರ ಮನೆಗೆ ಹೋಗುವವರು, ಒಪ್ಪಿಸಿ."

ಒಪ್ಪಿಸಲು ನನ್ನಿಂದ ಆಗಲಿಲ್ಲ. "ನಿದ್ದೆಗೆ ಪರೀಕ್ಷೆಯಾ?" ಎಂದು ಡ್ರೈವರರು ನಕ್ಕುಬಿಟ್ಟರು. "ನಿದ್ದೆ ಬಾರದವರಿಗೆ ಪರೀಕ್ಷೆ ಮಾಡಿ ಮಾರಾಯ್ರೆ. ನನಗೆ ಬರ್ತದಲ್ಲ!" ನಾನು ಬಿಡಲಿಲ್ಲ. ಟಿವಿ ನೋಡುವಾಗ ಕಣ್ಣು ಎಳೆಯುತ್ತದೆಯೇ, ಬೇರೆಯವರ ಗಾಡಿಯಲ್ಲಿ ಕೂತಾಗ, ಊಟವಾದ ಮೇಲೆ, ಮಾತಾಡುವಾಗ ಎಂದು ಒಂದೊಂದಾಗಿ ಕೇಳಿದೆ. ಎಲ್ಲದಕ್ಕೂ "ಸ್ವಲ್ಪ" ಎಂದರು. ಕೊನೆಗೆ, ಗಾಡಿ ಓಡಿಸುವಾಗ ಎಂದು ಕೇಳಿದೆ.

ಅವರ ನಗು ಹೋಯಿತು. "ಡಾಕ್ಟ್ರೆ, ನಾನು ಬಸ್ಸಿನಲ್ಲಿ ಒಂದು ಕೋಳಿಯನ್ನೂ ಕೊಂದವನಲ್ಲ. ಹಾಗೆಲ್ಲ ಕೇಳ್ಬೇಡಿ."

ಅಷ್ಟರಲ್ಲಿ ಬಸ್ಸಿನ ಧಣಿಗಳು ಎರಡು ಸಲ ಬಂದು ಹೋಗಿದ್ದರು. ಒಳ್ಳೆಯ ಮನುಷ್ಯ, ಬರುವಾಗ ಹಣ್ಣು ತರುತ್ತಿದ್ದರು. ಬದಲಿ ಡ್ರೈವರು ಸರಿಯಿಲ್ಲ, ಪ್ಯಾಸೆಂಜರುಗಳು ಇವರನ್ನೇ ಕೇಳುತ್ತಾರೆ ಎನ್ನುತ್ತಿದ್ದರು. ಕೈ ಸರಿಯಾಗಿದೆ ಎಂದು ನಾನು ಹೇಳಿದರೆ ವೈದ್ಯರು ಬಸ್ಸಿಗೆ ಮರಳುವ ಮಾತಾಡಬಹುದು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಒಂದು ಯೋಚನೆ ಸುಳಿಯುತ್ತಿತ್ತು. ನನಗೆ ಒಪ್ಪಿಸಿದ್ದು ಕೈ. ಕೈ ಸರಿಯಾಗಿದೆ. ನಿದ್ದೆಯ ಮಾತು ಯಾರಾದರೂ ದೊಡ್ಡವರು ನೋಡಿಕೊಳ್ಳಲಿ.

ಒಂದು ಭಾನುವಾರ ಡ್ರೈವರರೇ ಕರೆದರು. "ಬನ್ನಿ ಡಾಕ್ಟ್ರೆ, ಒಮ್ಮೆ ನೋಡಿ. ಆಮೇಲೆ ಹೇಳಿ." ಭಾವನ ಹಳೆಯ ವ್ಯಾನು ತರಿಸಿದ್ದರು. ಹತ್ತಿರದ ಶಾಲೆಯ ಮೈದಾನ, ರಜೆಯಾದ್ದರಿಂದ ಯಾರೂ ಇರಲಿಲ್ಲ. ಮಧ್ಯಾಹ್ನದ ಸೆಖೆ. ನಾನು ಅವರ ಪಕ್ಕದಲ್ಲಿ ಕೂತೆ. ಹೆಂಡತಿ ಮಾವಿನ ಮರದ ನೆರಳಿನಲ್ಲಿ ನಿಂತರು.

ಅವರು ಓಡಿಸಿದ್ದನ್ನು ನಾನು ಮರೆಯುವುದಿಲ್ಲ. ಎಡಗೈಯಲ್ಲಿ ಗೇರು ಹಾಕುವಾಗ ಬೆರಳು ಒಂದಿಷ್ಟೂ ತಡವರಿಸಲಿಲ್ಲ. ಮೈದಾನಕ್ಕೆ ಎರಡು ಸುತ್ತು, ನಡುವೆ ಎಂಟರ ಆಕಾರ, ಗೋಲ್ ಕಂಬಗಳ ನಡುವೆ ಹಿಂದಕ್ಕೆ. ಮುಖ ಹೊಳೆಯುತ್ತಿತ್ತು. "ಹೇಗೆ?" ಎಂದರು. "ಭಾರೀ ಛಲೋ ಅಣ್ಣಾರ," ಎಂದೆ. ಮನಸಾರೆ ಹೇಳಿದ ಮಾತು ಅದು. ಆ ಕೈಯನ್ನು ನಾನೂ ಅವರೂ ಸೇರಿ ಬೆರಳು ಬೆರಳಾಗಿ ಮರಳಿ ತಂದಿದ್ದೆವು.

ಹೊರಗೆ ಹೋಗುವ ಗೇಟಿನ ದಾರಿ ಸ್ವಲ್ಪ ಏರು. ಅಲ್ಲಿ ಮೂರು ನಾಲ್ಕು ದನಗಳು ಅಡ್ಡ ನಿಂತಿದ್ದವು. ಅವರು ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಒತ್ತಿ ನಿಂತರು. ನಾನು ದನಗಳನ್ನು ನೋಡುತ್ತ ಏನೋ ಮಾತು ಶುರು ಮಾಡಿದೆ. ಉತ್ತರ ಬರಲಿಲ್ಲ. ದನಗಳು ನಮ್ಮಿಂದ ನಿಧಾನವಾಗಿ ದೂರ ಸರಿಯುತ್ತಿವೆ ಅನ್ನಿಸಿತು. ಅವು ಸರಿಯುತ್ತಿರಲಿಲ್ಲ, ವ್ಯಾನು ಹಿಂದಕ್ಕೆ ಉರುಳುತ್ತಿತ್ತು. ಹಿಂದಿನಿಂದ ಹೆಂಡತಿಯ ಕೂಗು ಕೇಳಿತು. ವ್ಯಾನಿನತ್ತ ನಡೆದು ಬರುತ್ತಿದ್ದವರು ಅದರ ದಾರಿಯಲ್ಲೇ ನಿಂತುಬಿಟ್ಟಿದ್ದರು. ನಾನು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದೆ. ವ್ಯಾನು ಜರ್ಕು ಹೊಡೆದು ನಿಂತಿತು. ಹಿಂದೆ ಆಕೆ ಕೈ ಚಾಚಿದರೆ ವ್ಯಾನು ತಾಗುವಷ್ಟು ಹತ್ತಿರ ಇದ್ದರು.

ಜರ್ಕಿಗೆ ಅವರು ಕಣ್ಣು ಬಿಟ್ಟರು. "ಹ್ಯಾಂಡ್‌ಬ್ರೇಕ್ ಯಾಕೆ ಎಳೆದದ್ದು? ನನ್ನ ಕಾಲು ಬ್ರೇಕಿನ ಮೇಲೆಯೇ ಉಂಟಲ್ಲ!"

"ನಿಮಗ ನಿದ್ದಿ ಹತ್ತಿತ್ರಿ."

"ಇಲ್ಲ."

"ಗಾಡಿ ಹಿಂದಕ್ಕ ಹೋತು ಅಣ್ಣಾರ. ಅಕ್ಕಾರು ಅಲ್ಲೇ ನಿಂತಿದ್ರು."

ಅವರು ಕನ್ನಡಿಯಲ್ಲಿ ಹಿಂದೆ ನೋಡಿದರು. ಹೆಂಡತಿ ಎದೆ ಹಿಡಿದುಕೊಂಡು ನಿಂತಿದ್ದರು. ಡ್ರೈವರರು ಇಳಿದು ಹೋಗಿ ತುಳುವಿನಲ್ಲಿ ಏನೋ ಕೇಳಿದರು. ಆಕೆ ನನ್ನ ಮುಖ ನೋಡದೆ ಕನ್ನಡದಲ್ಲೇ, ನನಗೆ ಕೇಳಲಿ ಎಂಬಂತೆ ಹೇಳಿದರು, "ಬ್ರೇಕ್ ಜಾರಿದ್ದು. ಹಳೆ ಗಾಡಿ ಅಲ್ವಾ."

ಡ್ರೈವರರು ಸುಳ್ಳು ಹೇಳುತ್ತಿರಲಿಲ್ಲ, ನಿದ್ದೆ ಹೋದದ್ದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಬೇರೆ ಏನಾದರೂ ಆದರೆ ಮನುಷ್ಯನಿಗೆ ನೋವಾದರೂ ಗೊತ್ತಾಗುತ್ತದೆ. ಈ ನಿದ್ದೆ ಬಂದು ಹೋದ ಗುರುತೇ ಉಳಿಯುವುದಿಲ್ಲ. ಸ್ಕೂಟರಿನಲ್ಲಿ ಮರಳುವಾಗ ಮೂಡುಬಿದಿರೆಯಿಂದ ಬಂದ ಒಂದು ಬಸ್ಸು ನನ್ನನ್ನು ದಾಟಿತು. ಬಾಗಿಲಿನ ತನಕ ಜನ ನಿಂತಿದ್ದರು.

ಆ ಸಂಜೆಯೇ ವೈದ್ಯರಿಗೆ ಫೋನು ಮಾಡಿದೆ. "ಕೈ ಪೂರಾ ಸರಿ ಅದರಿ. ಗಾಡಿ ಮಾತ್ರ ಕೊಡಬ್ಯಾಡ್ರಿ," ಎಂದೆ, ನಡೆದದ್ದು ಹೇಳಿದೆ. ಅವರು, "ಇದನ್ನು ಧಣಿಗಳಿಗೂ ನಾನೇ ಹೇಳ್ತೇನೆ. ನಿಮ್ಮ ಹೆಸರು ಬರ್ತದೆ, ಅದಕ್ಕೆ ತಯಾರಿರಿ" ಎಂದರು.

ಹೆಸರು ಬಂತು. ಮರುದಿನ ಹೋದಾಗ ಡ್ರೈವರರು ಜಗಲಿಯಲ್ಲೇ ನಿಂತಿದ್ದರು. ಕೂರಿ ಅನ್ನಲಿಲ್ಲ.

"ನಾಳೆಯಿಂದ ಬರುವುದು ಬೇಡ ಡಾಕ್ಟ್ರೆ. ಕೈ ಸರಿ ಮಾಡಿ ಕೊಟ್ರಿ, ಉಪಕಾರ ಆಯ್ತು. ಅನ್ನ ತೆಗೆದದ್ದೂ ನೀವೇ."

ಹೆಂಡತಿ ಒಳಗಿನಿಂದ ಹೊರಗೆ ಬರಲಿಲ್ಲ. ಗೂಟದ ಹಲಗೆ ಜಗಲಿಯ ಮೂಲೆಯಲ್ಲಿ ಬಟ್ಟೆ ಸುತ್ತಿ ಇಟ್ಟಿತ್ತು. ತೆಗೆದುಕೊಂಡು ಬಂದೆ.

ಆಮೇಲಿನ ವಾರಗಳಲ್ಲಿ ಯಾರೂ ನನಗೆ ಕೆಟ್ಟ ಮಾತು ಹೇಳಲಿಲ್ಲ. ಆದರೆ ಆ ಲೈನಿನ ಬಸ್ಸಿನವರೆಲ್ಲ ಒಂದೇ ಮನೆಯವರ ಹಾಗೆ. ರಸ್ತೆಯಲ್ಲಿ ಕಂಡರೆ ಕೈ ಎತ್ತುತ್ತಿದ್ದ ಕಂಡಕ್ಟರು ಈಗ ಎತ್ತುತ್ತಿರಲಿಲ್ಲ. ವಾಮದಪದವಿನಲ್ಲಿ ನಾನು ಚಹಾ ಕುಡಿಯುತ್ತಿದ್ದ ಹೋಟೆಲಿಗೆ ಹೋದರೆ ಮಾತು ತುಳುವಿಗೆ ಹೊರಳಿ ತಗ್ಗುತ್ತಿತ್ತು. ಅದು ನನ್ನ ಬಗ್ಗೆಯೇ ಇತ್ತೋ ಇಲ್ಲವೋ ತಿಳಿಯುವಷ್ಟು ಭಾಷೆ ನನಗೆ ಬರುತ್ತಿರಲಿಲ್ಲ. ಆ ಭಾಗದ ಇನ್ನೊಬ್ಬ ರೋಗಿಯ ಮನೆಯವರು, "ಇನ್ನು ನಾವೇ ಮಾಡಿಸ್ತೇವೆ, ನೀವು ಅಷ್ಟು ದೂರ ಬರುವುದು ಬೇಡ" ಎಂದರು. ನಾನು ಚಹಾ ಬಿಟ್ಟೆ. ಮಧ್ಯಾಹ್ನದ ಹೊತ್ತು ಬಿಡುವಾಯಿತು. ಕೋಣೆಯಲ್ಲಿ ಫ್ಯಾನಿನ ಕೆಳಗೆ ಮಲಗಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ನಾನು ಮಾಡಿದ್ದು ಸರಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಸರಿ ಎಂದು ನನಗೊಬ್ಬನಿಗೇ ಗೊತ್ತಿದ್ದರೆ ಅದರಿಂದ ಕೋಣೆಯೇನೂ ತುಂಬುವುದಿಲ್ಲ.

ಒಂದು ದಿನ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಡ್ರೈವರರ ಹೆಂಡತಿ ಕೂತಿದ್ದರು. ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ನಿನ್ನೆ ಬೆಳಿಗ್ಗೆ ಅವರ ಮಾತು ತೊದಲಿತು ಡಾಕ್ಟ್ರೆ. ನೀರು ಕೇಳಿದ್ದು ನನಗೆ ಅರ್ಥ ಆಗ್ಲಿಲ್ಲ. ಚಹಾ ಕುಡಿಯುವಷ್ಟರಲ್ಲಿ ಸರಿ ಆಯ್ತು. ಯಾರಿಗೂ ಹೇಳ್ಬೇಡ ಅಂದ್ರು. ನಾನು ಬೀಡಿ ಕೊಡ್ಲಿಕ್ಕೆ ಹೋಗ್ತೇನೆ ಅಂತ ಹೇಳಿ ಬಂದೆ."

"ಸರಿ ಆತು ಅಂತ ಬಿಡೂಹಂಗಿಲ್ಲ ಅಕ್ಕಾರ. ಅದು ಎಚ್ಚರಿಕಿ. ಇನ್ನೊಮ್ಮಿ ದೊಡ್ಡದಾಗಿ ಬರಬಹುದು, ಇವತ್ತ ಬರಬಹುದು."

ಅವರು ನೆಲ ನೋಡಿದರು. "ಆ ದಿನ ಮೈದಾನದಲ್ಲಿ ಬ್ರೇಕ್ ಜಾರಿದ್ದಲ್ಲ ಅಂತ ನನಗೆ ಗೊತ್ತುಂಟು. ಅವರ ತಲೆ ಬಾಗಿದ್ದು ಹಿಂದಿನ ಗಾಜಿನಲ್ಲಿ ಕಾಣ್ತಿತ್ತು. ಅವರ ಎದುರು ನಾನು ಹೇಗೆ ಹೇಳುವುದು?"

ವೈದ್ಯರ ಕೋಣೆಗೆ ಕರೆದುಕೊಂಡು ಹೋದೆ. ವೈದ್ಯರು ಅಲ್ಲಿಂದಲೇ ಡ್ರೈವರರಿಗೆ ಫೋನು ಮಾಡಿ ತುಳುವಿನಲ್ಲಿ ಗದರಿದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಧಣಿಗಳ ಕಾರಿನಲ್ಲಿ ಆ ಮಧ್ಯಾಹ್ನವೇ ಡ್ರೈವರರು ಮಂಗಳೂರಿಗೆ ಹೋದರು.

ಅಲ್ಲಿ ಕುತ್ತಿಗೆಯ ರಕ್ತನಾಳದ ಸ್ಕ್ಯಾನ್ ಆಯಿತು, ಹೃದಯದ ಬಡಿತದ ದಾಖಲೆಯಾಯಿತು, ಮಾತ್ರೆ ಬದಲಾಯಿತು. ನಿದ್ದೆಯ ಪರೀಕ್ಷೆಯೂ ಆಗಬೇಕಿತ್ತು, ಆಗಲಿಲ್ಲ. ತಲೆಗೆ, ಎದೆಗೆ ಅಂಟಿಸಿದ ತಂತಿಗಳನ್ನೆಲ್ಲ ನಿದ್ದೆಗಣ್ಣಲ್ಲಿ ಕಿತ್ತು ಹಾಕಿದ್ದರು. ಮನೆಯಲ್ಲೇ ಮಾಡುವ ಸಣ್ಣ ಯಂತ್ರವೊಂದನ್ನು ಕೊಟ್ಟು ಕಳಿಸಿದರು. ಎದೆಗೆ ಒಂದು ಪಟ್ಟಿ, ಮೂಗಿನ ಕೆಳಗೆ ಸಪೂರ ನಳಿಕೆ, ಬೆರಳಿಗೆ ಒಂದು ಕ್ಲಿಪ್ಪು. ಅದನ್ನು ಕಟ್ಟಿಕೊಡಲು ಬರಬೇಕು ಎಂದು ಹೆಂಡತಿ ಫೋನು ಮಾಡಿದರು.

ಸಂಜೆ ಬೆಳಕಿರುವಾಗಲೇ ಹೋದೆ. ಡ್ರೈವರರು ಅಂಗಿ ಬಿಚ್ಚಿ ಮಂಚದ ಮೇಲೆ ಕೂತಿದ್ದರು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಪಟ್ಟಿಯನ್ನು ಬಿಗಿದು, ನಳಿಕೆಯನ್ನು ಮೀಸೆಯ ಮೇಲಿಟ್ಟು, ಕಿತ್ತು ಬಾರದ ಹಾಗೆ ಕೆನ್ನೆಗೆ ಪ್ಲಾಸ್ಟರು ಹಚ್ಚಿದೆ. ಕೈ ಎತ್ತಿ ಅಂದಾಗ ಎತ್ತಿದರು, ಇಳಿಸಿ ಅಂದಾಗ ಇಳಿಸಿದರು. ಮೊದಲ ವಾರದ ರೋಗಿಯ ಹಾಗೆ. ಈ ಸಲ ತಂತಿ ಉಳಿಯಿತು.

ವರದಿ ಬಂದ ಮೇಲೆ ವೈದ್ಯರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ. "ನೋಡಿ, ನೀವು ಮಲಗಿರುವಾಗ ನಿಮ್ಮ ಗಂಟಲು ಪದೇ ಪದೇ ಮುಚ್ಚಿಕೊಳ್ತದೆ. ಒಂದು ಗಂಟೆಯಲ್ಲಿ ಎಷ್ಟೋ ಸಲ. ಪ್ರತಿ ಸಲವೂ ಆಮ್ಲಜನಕ ಇಳೀತದೆ, ಮೆದುಳು ಹೆದರಿ ನಿಮ್ಮನ್ನು ಅರೆಬರೆ ಎಬ್ಬಿಸ್ತದೆ, ಬಿಪಿ ಜಿಗೀತದೆ. ಎದ್ದದ್ದು ನಿಮಗೆ ನೆನಪಿರುವುದಿಲ್ಲ. ರಾತ್ರಿಯಿಡೀ ಮಲಗಿರ್ತೀರಿ, ಆದರೆ ನಿದ್ದೆ ಆಗಿರುವುದಿಲ್ಲ. ಅದಕ್ಕೇ ಹಗಲು ಈ ನಿದ್ದೆ. ರಕ್ತನಾಳಕ್ಕೂ ಹೃದಯಕ್ಕೂ ವರ್ಷಗಟ್ಟಲೆ ಈ ಪೆಟ್ಟು ಬಿದ್ದಿದೆ."

"ಸ್ಟ್ರೋಕ್ ಇದರಿಂದಲೇ ಬಂದದ್ದಾ?" ಎಂದರು ಹೆಂಡತಿ.

"ಇದೊಂದರಿಂದಲೇ ಅಂತ ಹೇಳ್ಲಿಕ್ಕೆ ಬರುವುದಿಲ್ಲ ಅಕ್ಕ. ಬಿಪಿ ಉಂಟು, ತೂಕ ಉಂಟು, ಕೊಲೆಸ್ಟರಾಲ್ ಉಂಟು. ಆದರೆ ಇದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಮದ್ದು ಕೊಟ್ಟರೆ ಆಗುವುದಿಲ್ಲ. ರಾತ್ರಿ ಗಾಳಿಯ ಯಂತ್ರದ ಮಾಸ್ಕ್ ಹಾಕಿ ಮಲಗಬೇಕು. ಹಾಕಿದ್ರೆ ಇನ್ನು ಸ್ಟ್ರೋಕೇ ಬರುವುದಿಲ್ಲ ಅಂತ ನಾನು ಬರೆದು ಕೊಡುವುದಿಲ್ಲ. ಹಗಲು ಎಚ್ಚರ ಇರ್ತೀರಿ, ಬಿಪಿ ಕೈಗೆ ಸಿಗುವ ಸಾಧ್ಯತೆ ಉಂಟು. ಅಷ್ಟು ಧೈರ್ಯದಲ್ಲಿ ಹೇಳ್ತೇನೆ."

ಮಾಸ್ಕ್ ಬಂತು. ಎರಡೇ ದಿನದಲ್ಲಿ ಅದು ಮಂಚದ ಕೆಳಗೆ ಬಿದ್ದಿತ್ತು. ಉಸಿರು ಕಟ್ಟುತ್ತದೆ, ಕಣ್ಣಿಗೆ ಗಾಳಿ ಹೊಡೆಯುತ್ತದೆ, ಎಂದು ಅವರು ಬೈದುಕೊಂಡರಂತೆ. ಮತ್ತೆ ಹೆಂಡತಿಯ ಫೋನು ಬಂತು. ಇದು ನಾನು ಕಲಿತ ಕೆಲಸವಲ್ಲ. ಮಂಗಳೂರಿನ ಟೆಕ್ನಿಷಿಯನ್ನಿಗೆ ಫೋನು ಮಾಡಿ ಕೇಳಿಕೊಂಡು, ಮೊದಲು ನನ್ನ ಮುಖಕ್ಕೇ ಹಾಕಿ ನೋಡಿದೆ. ಓಡುವ ಬಸ್ಸಿನ ಕಿಟಕಿಯಿಂದ ತಲೆ ಹೊರಗಿಟ್ಟ ಹಾಗೆ ಗಾಳಿ ನುಗ್ಗುತ್ತದೆ. ಅದರ ವಿರುದ್ಧ ಉಸಿರು ಬಿಡಲು ಮನಸ್ಸು ಹೆದರುತ್ತದೆ. ಹೆದರದೆ ಬಿಟ್ಟರೆ ಹೋಗುತ್ತದೆ. ಅದು ಗೊತ್ತಾದ ಮೇಲೆಯೇ ಅವರ ಹತ್ತಿರ ಹೋದೆ.

ಎಡಗಡೆಯ ತುಟಿ ಇನ್ನೂ ಸ್ವಲ್ಪ ಸಡಿಲವಿತ್ತು, ಅಲ್ಲಿಂದ ಗಾಳಿ ಸೋರುತ್ತಿತ್ತು. ಮೀಸೆಯ ಮೇಲೆ ಮಾಸ್ಕಿನ ಅಂಚು ಕೂರುತ್ತಿರಲಿಲ್ಲ. ಮೂಗಿಗೆ ಮಾತ್ರ ಹಾಕುವುದನ್ನು ಬದಲಿಸಿ ಬಾಯಿ ಮೂಗು ಎರಡೂ ಮುಚ್ಚುವುದನ್ನು ತರಿಸಿದೆವು. ರಾತ್ರಿಯ ಮಾತೇ ಎತ್ತಲಿಲ್ಲ. ಮಧ್ಯಾಹ್ನ ಕುರ್ಚಿಯಲ್ಲಿ ಕೂತು, ಯಂತ್ರ ಹಚ್ಚದೆ, ಮಾಸ್ಕನ್ನು ಕೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಳ್ಳುವುದು. ಆಮೇಲೆ ಪಟ್ಟಿ ಹಾಕಿ ಟಿವಿ ನೋಡುವುದು. ಆಮೇಲೆ ಕಡಿಮೆ ಗಾಳಿ. ಪಟ್ಟಿಯ ಎಡಗಡೆ ಕ್ಲಿಪ್ಪು ಹಾಕಲು ಎಡಗೈಯನ್ನೇ ಬಳಸಿ ಎಂದೆ. ಗೂಟದ ಹಲಗೆಯ ಬದಲು ಅದೇ ನಮ್ಮ ವ್ಯಾಯಾಮವಾಯಿತು. ಅವರು ಮಾತಾಡುತ್ತಿರಲಿಲ್ಲ, ಆದರೆ ಮಾಡುತ್ತಿದ್ದರು.

ಒಂದು ದಿನ ಹೋದಾಗ ಗುರುತೇ ಸಿಗಲಿಲ್ಲ. ಮೀಸೆ ಇರಲಿಲ್ಲ. ಮೇಲ್ದುಟಿ ಬಿಳುಚಿಕೊಂಡು ಎಳೆಯ ಹುಡುಗನದ್ದರ ಹಾಗೆ ಕಾಣುತ್ತಿತ್ತು. ನಾನು ನೋಡುತ್ತಲೇ ನಿಂತದ್ದು ಕಂಡು ಅವರು, "ಎಂತ ನೋಡುವುದು? ಸೋರ್ತಿತ್ತಲ್ಲ" ಎಂದರು. ಎಷ್ಟೋ ವಾರಗಳ ಮೇಲೆ ನನಗೆ ಹೇಳಿದ ಮೊದಲ ಮಾತು ಅದು.

ಬದಲಾವಣೆ ಒಮ್ಮೆಲೆ ಆಗಲಿಲ್ಲ. ಕೆಲವು ರಾತ್ರಿ ಹಾಕಿ ಕೆಲವು ರಾತ್ರಿ ಬಿಟ್ಟು, ಮೂಗು ಕಟ್ಟಿ, ಕೆನ್ನೆಯಲ್ಲಿ ಗೆರೆ ಬಿದ್ದು, ಮೆಲ್ಲಮೆಲ್ಲಗೆ ಅಭ್ಯಾಸವಾಯಿತು. ಬಿಪಿಯ ಮೂರು ಮಾತ್ರೆ ಹಾಗೆಯೇ ಇದ್ದವು, ಆದರೆ ಈಗ ಅವು ಕೆಲಸ ಮಾಡುತ್ತಿದ್ದವು. ಹೆಂಡತಿ ಮತ್ತೆ ಆ ಕೋಣೆಯಲ್ಲೇ ಮಲಗತೊಡಗಿದ್ದರು. "ಈಗ ಸದ್ದೇ ಇಲ್ಲ ಡಾಕ್ಟ್ರೆ. ಇದ್ದಾರಾ ಅಂತ ನೋಡ್ಲಿಕ್ಕೆ ನಾನೇ ಏಳ್ತೇನೆ," ಎಂದು ನಗುತ್ತಿದ್ದರು.

ಡ್ರೈವರರು ಮಾತುಗಾರ ಎಂಬುದು ನನಗೆ ಆಗ ಗೊತ್ತಾಯಿತು. ಅಷ್ಟು ತಿಂಗಳು ನಾನು ಕಂಡಿದ್ದದ್ದು ಅರೆನಿದ್ದೆಯ ಮನುಷ್ಯನನ್ನು. ಈಗ ಲೈನಿನ ಕತೆಗಳನ್ನು ಹೇಳುತ್ತಿದ್ದರು, ನನ್ನ ಊರಿನ ಬಗ್ಗೆ ಕೇಳುತ್ತಿದ್ದರು, ನನ್ನ ಮಾತನ್ನು ಅಣಕಿಸಿ "ಹೌದೇನ್ರೀ" ಎನ್ನುತ್ತಿದ್ದರು. ಒಂದು ದಿನ ಜಗಲಿಯಲ್ಲಿ ಕೂತು, "ಮಧ್ಯಾಹ್ನ ಅಂದ್ರೆ ಇಷ್ಟು ಉದ್ದ ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ. ಎಂತ ಮಾಡುವುದು ಇದನ್ನು?" ಎಂದರು. ನನ್ನ ಮಧ್ಯಾಹ್ನಗಳನ್ನೇ ನಾನು ಹೇಗೋ ನೂಕುತ್ತಿದ್ದೆ.

ಕೊನೆಯ ಭೇಟಿಯ ದಿನ ಎಲ್ಲ ಪರೀಕ್ಷೆ ಮುಗಿಸಿ, ಹಿಡಿತದ ಬಲ ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಸಮ ಎಂದು ಹೇಳಿದೆ. ಅವರು ತಮ್ಮ ಎಡಗೈ ನೋಡಿಕೊಂಡರು. ಹೆಂಡತಿ ಒಳಗೆ ಚಹಾ ಮಾಡುತ್ತಿದ್ದರು.

"ಆ ದಿನ ಮೈದಾನದಲ್ಲಿ ನಾನು ನಿಜವಾಗಿ ನಿದ್ದೆ ಹೋಗಿದ್ದೆನಾ ಡಾಕ್ಟ್ರೆ?"

"ಹೌದ್ರಿ."

"ಎದ್ದ ಮೇಲೆ ನನಗೆ ಏನೂ ಗೊತ್ತಾಗ್ಲಿಲ್ಲ. ಇವತ್ತಿಗೂ ನೆನಪಿಲ್ಲ." ಎಡಗೈ ಮಡಚಿ ಬಿಡಿಸುತ್ತ ಹೇಳಿದರು, "ಹಾಗಾದ್ರೆ ಬಸ್ಸಲ್ಲಿ ಎಷ್ಟು ಸಲ ಹೋಗಿರಬಹುದು? ಶಾಲೆಗೆ ಹೋಗುವ ಮಕ್ಕಳು, ಪೇಟೆಗೆ ಹೋಗುವ ಹೆಂಗಸರು. ನಾನು ಕಣ್ಣು ಬಿಟ್ಟಾಗ ಬಸ್ಸು ರಸ್ತೆಯಲ್ಲೇ ಇತ್ತು. ಅಷ್ಟಕ್ಕೆ ನಾನು ಒಳ್ಳೆ ಡ್ರೈವರ್ ಅಂತ ಆಯ್ತಾ?"

ಗೊತ್ತಿಲ್ಲ ಎಂಬುದೇ ನಿಜವಾದ ಉತ್ತರ, ಅದನ್ನು ಅವರೂ ಬಲ್ಲರು.

ನಿದ್ದೆ ಹತೋಟಿಗೆ ಬಂದದ್ದು ಕೇಳಿ ಧಣಿಗಳು ಮತ್ತೆ ಬಸ್ಸಿಗೆ ಕರೆಯುತ್ತಿದ್ದರು. ಅವರು ಫೋನು ತೆಗೆದು ಧಣಿಗಳಿಗೆ ಹಚ್ಚಿದರು. ಮಾತು ತುಳುವಿನಲ್ಲಿ ಆಯಿತು. ನಿಧಾನವಾಗಿ ಆಡಿದ್ದರಿಂದಲೋ, ಅಷ್ಟು ದಿನ ಆ ಮನೆಯಲ್ಲಿ ಕೂತು ಕೇಳಿದ್ದರಿಂದಲೋ, ನನಗೆ ಅರ್ಥವಾಯಿತು. "ಎಂಕ್ ಬಸ್ಸ್ ಬೊಡ್ಚಿ," ಎಂದರು. ನನಗೆ ಬಸ್ಸು ಬೇಡ. ಆ ಕಡೆಯಿಂದ ಏನೋ ಕೇಳಿದ್ದಕ್ಕೆ, ಡಾಕ್ಟ್ರು ಹೇಳಿದ್ದಲ್ಲ, ನಾನೇ ಹೇಳುವುದು ಎಂದು ಮತ್ತೆ ಮತ್ತೆ ಹೇಳಿದರು. ಫೋನು ಇಟ್ಟು ನನ್ನ ಕಡೆ ತಿರುಗಿ, "ನನ್ನ ಅನ್ನ ನೀವು ತೆಗೆದದ್ದು ಅಂತ ಇರಬಾರದು. ಅದಕ್ಕೆ" ಎಂದರು. ಅವರ ಕಣ್ಣು ತುಂಬಿತ್ತು. ಒರೆಸಿಕೊಳ್ಳಲಿಲ್ಲ.

ಚಹಾ ಕುಡಿದು ಎದ್ದೆ. ನಮ್ಮ ಕೆಲಸದಲ್ಲಿ ಹೀಗೆಯೇ. ರೋಗಿ ಗುಣವಾದ ದಿನ ಆ ಮನೆಯ ದಾರಿ ಮುಗಿಯುತ್ತದೆ. ಗುಣವಾದವರ ಮನೆಗೆ ಹೋಗಲು ನಮಗೆ ಕಾರಣ ಉಳಿಯುವುದಿಲ್ಲ.

ಸ್ಕೂಟರ್ ಹತ್ತುವಾಗ ಅವರು ಜಗಲಿಯ ಮೆಟ್ಟಿಲವರೆಗೆ ಬಂದರು.

"ಇನ್ನು ಬರುವುದಿಲ್ಲವಾ?"

"ಕೈ ಸರಿ ಆಗೇದಲ್ರಿ ಅಣ್ಣಾರ. ಇನ್ನ ನನ್ನ ಕೆಲಸ ಏನದ?"

"ಕೆಲಸಕ್ಕಲ್ಲ ಮಾರಾಯ್ರೆ. ಸುಮ್ಮನೆ ಬನ್ನಿ. ಮಧ್ಯಾಹ್ನ ಬನ್ನಿ," ಎಂದರು. "ನಾನು ಎಚ್ಚರ ಇರ್ತೇನೆ."